ಅಗ್ಗದ ಪ್ರಿಂಟರ್, ದುಬಾರಿ ಶಾಯಿ: ಎಚ್‌ಪಿ ಇಂಕ್‌ಜೆಟ್

ಪ್ರಿಂಟ್ ಗುಣಮಟ್ಟಕ್ಕೆ ಹೆಸರಿಡುವಂತಿಲ್ಲ; ತಕರಾರೆಲ್ಲ ಕಾರ್ಟ್ರಿಜ್ ಮೇಲಿನ ಉಗುರಿನಗಲದ ಚಿಪ್‌ನದು. ಚಿಪ್ ಬೇರೆಯವರದೆಂದು ಗೊತ್ತಾದರೆ ಶಾಯಿ ತುಂಬಿದ್ದರೂ ಪ್ರಿಂಟರ್ ಮುಷ್ಕರ ಹೂಡುತ್ತದೆ. ಕಂಪನಿ ಇದಕ್ಕಿಟ್ಟ ಹೆಸರು ‘ಡೈನಾಮಿಕ್ ಸೆಕ್ಯುರಿಟಿ’ (ಯಾರಿಗೆ ಸೆಕ್ಯುರಿಟಿಯೋ!). 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಹಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಅಲ್ಲಿಯವರೆಗೆ ಒಪ್ಪಿಕೊಂಡಿದ್ದ ಕಾರ್ಟ್ರಿಜ್‌ಗಳನ್ನೇ ಇದ್ದಕ್ಕಿದ್ದಂತೆ ತಿರಸ್ಕರಿಸಿದ್ದು ಹೀಗೆಯೇ.

ಎಚ್‌ಪಿ ಚಿಪ್ ಉಳಿಸಿಕೊಂಡು ರೀಫಿಲ್ ಮಾಡಿದ ಕಾರ್ಟ್ರಿಜ್ ಸಾಮಾನ್ಯವಾಗಿ ನಡೆಯುತ್ತದೆ. ಸೆಟ್ಟಿಂಗ್‌ನಲ್ಲಿ ಫರ್ಮ್‌ವೇರ್ (ಪ್ರಿಂಟರ್ ಒಳಗಿನ ಸಾಫ್ಟ್‌ವೇರ್) ಆಟೋ ಅಪ್‌ಡೇಟ್ ಆಫ್ ಮಾಡಿದರೆ ಹೊಸ ತಡೆ ಬರುವುದಿಲ್ಲ, ಆದರೆ ಭದ್ರತಾ ತಿದ್ದುಪಡಿಗಳೂ ಬರುವುದಿಲ್ಲ. ಕೊಳ್ಳುವಾಗ ಮಾಡೆಲ್ ಸಂಖ್ಯೆಯ ಕೊನೆಯಲ್ಲಿ ‘ಇ’ ಅಕ್ಷರವಿದೆಯೇ ನೋಡಿ. ಅದು ‘ಎಚ್‌ಪಿ ಪ್ಲಸ್’ ಎಂಬ ಕಂಪನಿಯ ಯೋಜನೆಯ ಗುರುತು. ಒಮ್ಮೆ ಒಪ್ಪಿಕೊಂಡರೆ ಇಂಟರ್ನೆಟ್ ಸಂಪರ್ಕವೂ ಎಚ್‌ಪಿ ಶಾಯಿಯೂ ಪ್ರಿಂಟರ್ ಇರುವಷ್ಟು ದಿನ ಕಡ್ಡಾಯ.

ತಿಂಗಳಿಗೆ ನೂರಿನ್ನೂರು ಪುಟ ತೆಗೆಯುವವರು ಕಾರ್ಟ್ರಿಜ್ ಬದಲು ಬಾಟಲಿಯಿಂದ ಶಾಯಿ ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳಲಿ. ವಾರಕ್ಕೊಂದು ಬಣ್ಣದ ಪುಟ ತೆಗೆಯದಿದ್ದರೆ ನಾಝಲ್ (ಶಾಯಿ ಚಿಮ್ಮುವ ಸಣ್ಣ ರಂಧ್ರ) ಒಣಗಿ ಕಟ್ಟಿಕೊಳ್ಳಬಹುದು.