ಎಲ್.ಎಸ್. ಬೆಲ್ಟ್: ಜಾರಿದ ಕಶೇರುಕಕ್ಕೆ ಎಷ್ಟು ಆಸರೆ?

ಸೊಂಟನೋವು ಎಂದೊಡನೆ ಮೆಡಿಕಲ್ ಶಾಪಿನವರು ತೆಗೆದುಕೊಡುವ ಎಲ್.ಎಸ್. (ಲಂಬೋಸೇಕ್ರಲ್, ಅಂದರೆ ಸೊಂಟ ಮತ್ತು ಅದರ ಬುಡಕ್ಕೆ ಕಟ್ಟುವ) ಬೆಲ್ಟನ್ನು ನಾನು ಮೂಳೆತಜ್ಞರ ಸಲಹೆಯಂತೆ ಕೊಂಡು ಬಳಸುತ್ತಿದ್ದೇನೆ. ನನಗಿರುವುದು ಮೊದಲ ಹಂತದ ಸ್ಪಾಂಡಿಲೋಲಿಸ್ತೆಸಿಸ್. ಅಂದರೆ ಸೊಂಟದ ಐದನೆಯ ಕಶೇರುಕವು (ಬೆನ್ನುಮೂಳೆಯ ಮಣಿ) ಕೆಳಗಿನ ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ತ್ರಿಕೋನಾಕಾರದ ಎಲುಬು) ಮೇಲೆ ತುಸು ಮುಂದಕ್ಕೆ ಜಾರಿದೆ. ಜಾರಿಕೆ ಶೇ 25ರೊಳಗಿದ್ದರೆ ಮೊದಲ ಹಂತ, 50ರೊಳಗಿದ್ದರೆ ಎರಡನೆಯದು ಎಂದು ಎಕ್ಸ್-ರೇಯಲ್ಲಿ ಅಳೆಯುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಕಶೇರುಕದ ಹಿಂಭಾಗದ ಕಿರಿದಾದ ಎಲುಬಿನಲ್ಲಿ ಬೀಳುವ ಬಿರುಕೇ ಹೆಚ್ಚಾಗಿ ಇದಕ್ಕೆ ಮೂಲ. ಸೊಂಟವನ್ನು ಪದೇ ಪದೇ ಹಿಂದಕ್ಕೆ ಬಾಗಿಸಿ ತಿರುಗಿಸುವ ವೇಗದ ಬೌಲರ್‌ಗಳಲ್ಲೂ ಜಿಮ್ನಾಸ್ಟ್‌ಗಳಲ್ಲೂ ಇದು ಸಾಮಾನ್ಯ. ಬಿರುಕಿದ್ದೂ ನೋವಿನ ಸುಳಿವೇ ಇಲ್ಲದವರು ಬಹಳ ಮಂದಿ ಇರುವುದರಿಂದ ಎಕ್ಸ್-ರೇ ಒಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ.

ಬೆಲ್ಟಿನ ಹಿಂಭಾಗದಲ್ಲಿ ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಿದ ಲೋಹದ ಪಟ್ಟಿಗಳಿವೆ, ಪಕ್ಕಗಳಲ್ಲಿ ಎಲಾಸ್ಟಿಕ್, ಮುಂದೆ ಅಗಲವಾದ ವೆಲ್ಕ್ರೋ. ಪ್ಯಾಂಟಿನ ಸೈಜ್ ಹೇಳಿ ಕೊಳ್ಳದೆ ಪೆಟ್ಟಿಗೆಯ ಮೇಲೆ ತೋರಿಸಿದ ಜಾಗದಲ್ಲಿ ಟೇಪು ಹಿಡಿಸಿ ಅಳತೆ ಕೊಡಬೇಕು. ಬಿಗಿತ ಚೆನ್ನಾಗಿದೆ, ಆದರೆ ಕುಳಿತಾಗ ಮೇಲಂಚು ಪಕ್ಕೆಲುಬಿಗೆ ಒತ್ತುತ್ತದೆ, ಬೇಸಿಗೆಯಲ್ಲಿ ಒಳಗೆ ಹತ್ತಿಯ ಬನಿಯನ್ ಇಲ್ಲದಿದ್ದರೆ ಚರ್ಮ ಕೆಂಪಾಗುತ್ತದೆ, ವೆಲ್ಕ್ರೋದಲ್ಲಿ ದಾರದ ಎಳೆ, ಕೂದಲು ಸಿಕ್ಕಿಕೊಂಡು ಹಿಡಿತ ಬೇಗ ಸಡಿಲವಾಗುತ್ತದೆ.

ಹಗಲೂ ರಾತ್ರಿ ಕಟ್ಟಿಕೊಂಡಿದ್ದರೆ ಮೂಳೆ ತಾನಾಗಿ ಕೂಡುತ್ತದೆ ಎಂದು ಅಂಗಡಿಯವರು ಹೇಳಿದ್ದು ಮಾತ್ರ ಶುದ್ಧ ವ್ಯಾಪಾರದ ಮಾತು. ಬೆಲ್ಟ್ ಜಾರಿದ ಕಶೇರುಕವನ್ನು ಹಿಂದಕ್ಕೆ ತಳ್ಳುವುದಿಲ್ಲ. ಬಾಗುವುದನ್ನೂ ತಿರುಗುವುದನ್ನೂ ಮಿತಿಗೊಳಿಸಿ, ನೋವು ಕೆರಳಿದ ದಿನಗಳಲ್ಲಿ ಮತ್ತು ದೂರದ ಬಸ್ ಪ್ರಯಾಣದಲ್ಲಿ ನೆರವಾಗುತ್ತದೆ, ಅಷ್ಟೇ. ನಿಜವಾದ ಚಿಕಿತ್ಸೆಯೆಂದರೆ ಹೊಟ್ಟೆ ಮತ್ತು ಬೆನ್ನಿನ ಆಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಅದನ್ನು ಫಿಸಿಯೋಥೆರಪಿಸ್ಟರ ಬಳಿ ಕಲಿತು ತಿಂಗಳುಗಟ್ಟಲೆ ತಪ್ಪದೆ ಮಾಡಬೇಕು. ಸೊಂಟನೋವಿಗೆ ಭುಜಂಗಾಸನ ಹೇಳಿಕೊಡುವ ಹಿತೈಷಿಗಳು ಎಲ್ಲ ಮನೆಯಲ್ಲೂ ಇರುತ್ತಾರೆ, ಆದರೆ ಈ ದೋಷವಿರುವವರಿಗೆ ಹಿಂದಕ್ಕೆ ಬಾಗುವ ಆಸನಗಳೇ ನೋವನ್ನು ಹೆಚ್ಚಿಸಬಹುದು. ಇಷ್ಟಕ್ಕೂ ಬಗ್ಗದೆ, ನರ ಒತ್ತಿ ನೋವು ಕಾಲಿಗಿಳಿದವರಿಗೆ ಸ್ಕ್ರೂ, ಸರಳು ಹಾಕಿ ಕಶೇರುಕಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಇದೆ.

ವೈದ್ಯರು ಹೇಳಿದ್ದರೆ ಈ ಬೆಲ್ಟನ್ನು ಕೆಲವು ವಾರಗಳ ಮಟ್ಟಿಗೆ ಧಾರಾಳವಾಗಿ ಕೊಳ್ಳಬಹುದು. ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅಥವಾ ಕುಳಿತುಕೊಳ್ಳುವ ಭಾಗ ಜೋಮು ಹಿಡಿದರೆ ಬೆಲ್ಟ್ ಬಿಗಿಯುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.