ಕೋಟು ಹುಡುಕಲು ಹೋಗಿ ಮೂಗು ಸಿಕ್ಕಿದ ಕತೆ

ನಾನು ಹುಡುಕಿಕೊಂಡು ಹೋದದ್ದು ಒಂದು ಕೋಟಿನ ಕತೆಯನ್ನು. ರಷ್ಯದ ಲೇಖಕ ನಿಕೊಲಾಯ್ ಗೊಗೊಲ್‌ನ ಆ ಪ್ರಸಿದ್ಧ ಕತೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರಜಾಲದ ಉಚಿತ ಗ್ರಂಥಾಲಯದಲ್ಲಿ, ಕ್ಲಾಡ್ ಫೀಲ್ಡ್ ಇಂಗ್ಲಿಷಿಗೆ ತಂದ ಸಂಕಲನವೊಂದರಲ್ಲಿ, ಸಿಕ್ಕಿತು. ಅದನ್ನು ಮುಗಿಸಿ ಮುಂದಿನ ಕತೆಗೆ ಬಂದರೆ ಕ್ಷೌರಿಕನೊಬ್ಬ ಬೆಳಿಗ್ಗೆ ಬ್ರೆಡ್ ಕತ್ತರಿಸುತ್ತಿದ್ದಾನೆ, ಅದರೊಳಗೊಂದು ಮೂಗು! ಆ ಮೂಗಿನ ಒಡೆಯ ಕನ್ನಡಿ ನೋಡಿಕೊಂಡರೆ ಮುಖದ ನಡುವೆ ಬರೀ ಸಪಾಟು. ಇನ್ನೊಂದಿಷ್ಟು ಓದುವಷ್ಟರಲ್ಲಿ ಮೂಗು ಸಮವಸ್ತ್ರ ತೊಟ್ಟು, ಒಡೆಯನಿಗಿಂತ ದೊಡ್ಡ ಅಧಿಕಾರಿಯಾಗಿ ಊರಲ್ಲಿ ಓಡಾಡುತ್ತಿದೆ. 1836ರಲ್ಲಿ ಅಚ್ಚಾದ ಕತೆ ಇದು. ಬೆನ್ನುಡಿಯಿಲ್ಲ, ವಿಮರ್ಶಕರ ಹೊಗಳಿಕೆಯಿಲ್ಲ, ಮುಂದೆ ಏನಿದೆ ಎಂದು ಹೇಳುವವರಿಲ್ಲ. ಅಂದು ರಾತ್ರಿ ಎರಡು ಸಲ ಓದಿದೆ.

ವಿಲಕ್ಷಣ ಕತೆಗಳನ್ನು ಓದಲು ಈ ಉಚಿತ ಗ್ರಂಥಾಲಯದಷ್ಟು ಒಳ್ಳೆಯ ಜಾಗ ನನಗೆ ಬೇರೆ ಸಿಕ್ಕಿಲ್ಲ. 1971ರಲ್ಲಿ ಮೈಕಲ್ ಹಾರ್ಟ್ ಆರಂಭಿಸಿದ ಇದರಲ್ಲಿ ಈಗ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಖಾತೆ ತೆರೆಯಬೇಕಿಲ್ಲ, ಹಣ ಕೊಡಬೇಕಿಲ್ಲ. ಇಪಬ್ ಎಂಬ ಇ-ಪುಸ್ತಕದ ಫೈಲ್ ಇಳಿಸಿಕೊಂಡು ಮೊಬೈಲ್‌ನಲ್ಲಿ ಓದಬಹುದು, ಇಲ್ಲವೇ ಬ್ರೌಸರ್‌ನಲ್ಲೇ ಓದಬಹುದು. ಪುಸ್ತಕದ ಪುಟದಲ್ಲಿ ಸಾರಾಂಶ ಕಂಡರೆ ದಯವಿಟ್ಟು ಅದನ್ನು ದಾಟಿಕೊಂಡು ಹೋಗಿ. ಅದರ ಬದಲು, ಅದೇ ಪುಸ್ತಕ ಇಳಿಸಿಕೊಂಡ ಓದುಗರು ಬೇರೇನು ಇಳಿಸಿಕೊಂಡರು ಎಂಬ ಕೊಂಡಿಯನ್ನು ಒತ್ತಿ. ನಾನು ಆ ಜಾಡು ಹಿಡಿದೇ ಡೇವಿಡ್ ಲಿಂಡ್ಸೆಯ ‘ಎ ವಾಯೇಜ್ ಟು ಆರ್ಕ್ಟುರಸ್’ ಕಾದಂಬರಿಗೆ ಬಂದು ಮುಟ್ಟಿದೆ.

ಈ ಪುಸ್ತಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1920ರಲ್ಲಿ ಇದರ 1,430 ಪ್ರತಿಗಳು ಅಚ್ಚಾದವು, ಮಾರಾಟವಾದದ್ದು 596. ದೂರದ ಗ್ರಹವೊಂದರಲ್ಲಿ ಕಣ್ಣು ಬಿಟ್ಟ ಮನುಷ್ಯನ ಮೈಯಲ್ಲಿ ಹೊಸ ಅಂಗಗಳು ಮೂಡಿರುತ್ತವೆ, ಅವುಗಳಿಂದ ಅವನು ಹೊಸ ರೀತಿಯಲ್ಲಿ ಗ್ರಹಿಸಲು ತೊಡಗುತ್ತಾನೆ. ಅಲ್ಲಿ ಎರಡು ಸೂರ್ಯರಿದ್ದಾರೆ, ನಮ್ಮ ಭೂಮಿಯಲ್ಲಿ ಇಲ್ಲದ ಎರಡು ಬಣ್ಣಗಳೂ ಇವೆ. ಲೇಖಕ ಅವಕ್ಕೆ ‘ಜೇಲ್’, ‘ಅಲ್ಫೈರ್’ ಎಂದು ಹೆಸರಿಟ್ಟಿದ್ದಾನೆ. ಇಪ್ಪತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ನನ್ನ ಕಣ್ಣು ಆ ಪದಗಳ ಮೇಲೆ ತಟ್ಟನೆ ನಿಂತಿತು. ಅಚ್ಚಿನ ತಪ್ಪೇ? ಮತ್ತೆ ಮತ್ತೆ ಅದೇ ಕಾಗುಣಿತದಲ್ಲಿ ಬಂದಾಗ ನಂಬಿಕೆ ಹುಟ್ಟಿತು. ಆಮೇಲೆ ಆ ಬಣ್ಣಗಳನ್ನು ಕಣ್ಣು ಮುಚ್ಚಿಕೊಂಡು ನೋಡಲು ಯತ್ನಿಸಿದೆ.

ಕರಡು ತಿದ್ದುವ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂದು ಅಂದು ನನಗೆ ಹೊಸದಾಗಿ ಅರ್ಥವಾಯಿತು. ಸಾಮಾನ್ಯ ಕಾದಂಬರಿಯಲ್ಲಿ ಒಂದು ಅಕ್ಷರ ತಪ್ಪಿದರೆ ಓದುಗರೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ. ಏನು ಬೇಕಾದರೂ ನಡೆಯಬಹುದಾದ ಕತೆಯಲ್ಲಿ ತಪ್ಪು ಯಾವುದು, ಕಲ್ಪನೆ ಯಾವುದು ಎಂದು ಹೇಗೆ ತಿಳಿಯಬೇಕು? ಬೇರೊಂದು ಉಚಿತ ತಾಣದಿಂದ ತಂದ ಹಳೆಯ ಕಥಾಸಂಕಲನದಲ್ಲಿ ನಾನು ಹಾಗೆಯೇ ಮೋಸಹೋದೆ. ವಿಚಿತ್ರ ಪದವೊಂದನ್ನು ಲೇಖಕನ ಸೃಷ್ಟಿ ಎಂದುಕೊಂಡು ಅದರ ಸುತ್ತ ಅರ್ಥ ಕಟ್ಟುತ್ತಾ ಹೋದೆ. ಕೊನೆಗೆ ನೋಡಿದರೆ ಅದು ಸ್ಕ್ಯಾನ್ ಮಾಡಿದ ಯಂತ್ರ ಎರಡು ಅಕ್ಷರಗಳನ್ನು ಒಂದೆಂದು ಓದಿದ ಫಲ. ಆ ಸಿಟ್ಟು ಇನ್ನೂ ಹೋಗಿಲ್ಲ.

ಗುಟೆನ್‌ಬರ್ಗ್‌ನ ಬಹಳಷ್ಟು ಪುಸ್ತಕಗಳನ್ನು ಸಿದ್ಧಪಡಿಸುವುದು ‘ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್’ ಎಂಬ ಸ್ವಯಂಸೇವಕರ ಬಳಗ. 2000ದಲ್ಲಿ ಹುಟ್ಟಿದ ಈ ಬಳಗದವರು ಮೂಲ ಪುಟದ ಚಿತ್ರವನ್ನು ಪಠ್ಯದ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸುತ್ತಾರೆ. ಒಬ್ಬರು ನೋಡಿದ ಪುಟವನ್ನು ಇನ್ನೊಬ್ಬರು ಮತ್ತೆ ನೋಡುತ್ತಾರೆ. ಅಕ್ಷರಜೋಡಣೆಯ ಅಂದವೂ ಬೇಕೆನ್ನುವವರು ‘ಸ್ಟ್ಯಾಂಡರ್ಡ್ ಇಬುಕ್ಸ್’ ನೋಡಬಹುದು. ಅಲ್ಲಿ ಪುಸ್ತಕಗಳು ಕಡಿಮೆ, ಆದರೆ ಹಳೆಯ ವರ್ಣಚಿತ್ರಗಳ ಮುಖಪುಟ ಹೊತ್ತು ಬಹಳ ಚೆಂದವಾಗಿ ಬರುತ್ತವೆ.

ಒಂದು ಮಿತಿಯನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಕಾನೂನಿನಂತೆ ಈ ಹಳೆಯ ಪುಸ್ತಕಗಳ ಹಕ್ಕುಸ್ವಾಮ್ಯ ಪ್ರಕಟವಾಗಿ 95 ವರ್ಷ ಉಳಿಯುತ್ತದೆ. ಹಾಗಾಗಿ 1924ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆತಾಂ ಪ್ರಣಾಳಿಕೆ ಬರೆದು ಕನಸಿನ ತರ್ಕವನ್ನೇ ನೆಚ್ಚಿದ ‘ಅತಿವಾಸ್ತವವಾದ’ವನ್ನು (ಸರ್ರಿಯಲಿಸಂ) ಸಾರಿದ ಮೇಲೆ ಬಂದ ಬರಹಗಳು, ಅದರಲ್ಲೂ ಅವುಗಳ ಇಂಗ್ಲಿಷ್ ಅನುವಾದಗಳು, ಇಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಸಿಗುವವರು ಆ ಪಂಥದ ಅಜ್ಜಂದಿರು. ನನಗೆ ಅಜ್ಜಂದಿರೇ ಇಷ್ಟ. ಯಾವ ಪ್ರಣಾಳಿಕೆಯ ಆಸರೆಯೂ ಇಲ್ಲದೆ, ಮೂಗಿಗೆ ಸಮವಸ್ತ್ರ ತೊಡಿಸುವ ಧೈರ್ಯ ಅವರಿಗಿತ್ತು. ಕಾಫ್ಕಾನ ‘ಮೆಟಮಾರ್ಫಸಿಸ್’ ಮಾತ್ರ ಸಂತೋಷದ ಅಪವಾದ: ಡೇವಿಡ್ ವಿಲ್ಲಿ ತಮ್ಮ ಅನುವಾದದ ಹಕ್ಕನ್ನು ಇಟ್ಟುಕೊಂಡೇ ಅದನ್ನು ಉಚಿತವಾಗಿ ಓದಲು ಬಿಟ್ಟುಕೊಟ್ಟಿದ್ದಾರೆ. ಮೂಗಿನ ಕತೆಯ ಮರುದಿನವೇ ಇದನ್ನು ಓದಿ. ಎರಡರಲ್ಲೂ ಒಬ್ಬ ಮನುಷ್ಯ ಬೆಳಿಗ್ಗೆ ಏಳುತ್ತಾನೆ, ಅವನ ದೇಹ ಮೊದಲಿನಂತಿರುವುದಿಲ್ಲ. ಎರಡರಲ್ಲೂ ಅವನ ಮೊದಲ ಚಿಂತೆಗಳಲ್ಲಿ ನೌಕರಿಯೂ ಒಂದು.

ಕಳೆದ ತಿಂಗಳು ನಾನೂ ಆ ಕರಡು ತಿದ್ದುವ ಬಳಗಕ್ಕೆ ಸೇರಿದೆ. ದಿನಕ್ಕೊಂದು ಪುಟ ನೋಡಿದರೂ ಸಾಕು ಎನ್ನುತ್ತಾರೆ. ಲೇಖಕರ ಕಾಗುಣಿತವನ್ನು ನಮ್ಮಿಷ್ಟದಂತೆ ತಿದ್ದಬಾರದು, ಅಚ್ಚಾದಂತೆಯೇ ಉಳಿಸಬೇಕು ಎಂಬುದು ಅಲ್ಲಿನ ನಿಯಮ. ನನಗೆ ಬಂದ ಮೂರನೆಯ ಪುಟದಲ್ಲಿ ಯಾವ ನಿಘಂಟಿನಲ್ಲೂ ಕಾಣದ ಪದವೊಂದಿತ್ತು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅಲ್ಲಿಯೂ ಹಾಗೆಯೇ ಇತ್ತು. ಮುಟ್ಟದೆ ಬಿಟ್ಟೆ.