ಹೊಸ ಕ್ಲಚ್ ಪ್ಲೇಟು ಹಾಕಿಸಿದ ಮೇಲೂ ಜಾರುತ್ತಿತ್ತು: 14 ತಿಂಗಳ ಬಳಕೆಯ ಅನುಭವ

ನನ್ನದು ಹನ್ನೊಂದು ವರ್ಷ ಹಳೆಯ 150 ಸಿಸಿ ಬೈಕು. ಮೂಡಿಗೆರೆಯಿಂದ ಉಜಿರೆಗೆ ವಾರಕ್ಕೆರಡು ಸಲ ಚಾರ್ಮಾಡಿ ಘಾಟಿ ಇಳಿದು ಹತ್ತಬೇಕು. ಕ್ಲಚ್ಚಿಗೆ ಹಿಡಿತ ಕೊಡುವ ಐದು ಫ್ರಿಕ್ಷನ್ ಪ್ಲೇಟುಗಳ ಈ ಸೆಟ್ಟಿಗೆ 620 ರೂಪಾಯಿ ಕೊಟ್ಟಿದ್ದೆ. ಹಾಕಿಸಿ 14 ತಿಂಗಳಾಯಿತು, 13,000 ಕಿ.ಮೀ. ಓಡಿದೆ. ಇವತ್ತು ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಹಾಕಿಸಿದ ವಾರದಲ್ಲೇ ಬರೆದಿದ್ದರೆ ಒಂದೇ ಕೊಡುತ್ತಿದ್ದೆ, ಅದು ಈ ಪ್ಲೇಟುಗಳಿಗೆ ಮಾಡಿದ ಅನ್ಯಾಯವಾಗುತ್ತಿತ್ತು.

ಮೂರನೆಯ ದಿನ ಘಾಟಿ ಹತ್ತುವಾಗ ತೊಂದರೆ ಶುರುವಾಯಿತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಮಾತ್ರ ಅರಚುತ್ತಿತ್ತು, ಬೈಕು ಮುಂದೆ ಹೋಗುತ್ತಿರಲಿಲ್ಲ. ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರುತ್ತಿದ್ದರೂ ವೇಗದ ಮುಳ್ಳು 30ರ ಹತ್ತಿರವೇ ನಿಂತಿರುತ್ತಿತ್ತು. ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಳೆಯ ಪ್ಲೇಟು ಸವೆದು ಹೀಗಾಗುತ್ತಿದೆ ಎಂದೇ ಹೊಸದು ಹಾಕಿಸಿದ್ದು. ಹಾಕಿದ ಗ್ಯಾರೇಜಿನಲ್ಲಿ ಕೇಳಿದರೆ, ಪ್ಲೇಟು ಡೂಪ್ಲಿಕೇಟ್ ಇರಬೇಕು, ವಾಪಸ್ ಕಳಿಸಿ ಎಂದರು. ನಾನೂ ನಂಬಿದ್ದೆ.

ಅದೃಷ್ಟಕ್ಕೆ, ಕಳಿಸುವ ಮೊದಲು ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಕ್ಲಚ್ ಲಿವರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿದರು. ಕೂದಲೆಳೆಯಷ್ಟೂ ಆಟ, ಅಂದರೆ ಸಡಿಲ, ಇರಲಿಲ್ಲ. "ನೀನು ಕೈ ಬಿಟ್ಟರೂ ಇದು ಅರ್ಧ ಹಿಡಿದುಕೊಂಡೇ ಇದೆಯಲ್ಲಪ್ಪ" ಎಂದರು. ನನ್ನ ಬೈಕಿನ ಕೈಪಿಡಿಯ ಪ್ರಕಾರ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇರಬೇಕು. ಪ್ಲೇಟು ಬದಲಿಸಿದ ಮೇಲೆ ಕೇಬಲನ್ನು ಹೊಸದಾಗಿ ಹೊಂದಿಸಬೇಕಿತ್ತು, ಬಿಗಿಯಾಗಿ ಎಳೆದು ಕಟ್ಟಿ ಕಳಿಸಿದ್ದರು. ಸರಿಮಾಡಿದ ಮೇಲೆ ಜಾರುವುದು ಸ್ವಲ್ಪ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಎರಡನೆಯ ಕಾರಣ ಎಣ್ಣೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಬಾಟಲಿಯ ಮೇಲೆ ಕೈಪಿಡಿ ಹೇಳುವ 10ಡಬ್ಲ್ಯು-30 ಎಂದೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆ ಅಂಕಿ ಹೇಳುವುದು ಎಣ್ಣೆ ಎಷ್ಟು ಮಂದ ಎಂಬುದನ್ನು ಮಾತ್ರ. ಕ್ಲಚ್ಚಿಗೆ ಬೇಕಾದ ಗುರುತು ಹಿಂಬದಿಯ ಸಣ್ಣ ಅಕ್ಷರದಲ್ಲಿರುತ್ತದೆ. ಜಪಾನಿನಲ್ಲಿ 1998ರಲ್ಲಿ ಬಂದ ಜಾಸೊ ಮಾನದಂಡದಲ್ಲಿ ಎಂಎ ಎಂದರೆ ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಹೊಂದುವಂಥದ್ದು, ಎಂಬಿ ಎಂದರೆ ಘರ್ಷಣೆ ಕಡಿಮೆ ಇರುವಂಥದ್ದು. ಗೇರಿಲ್ಲದ ಸ್ಕೂಟರಿನ ಕ್ಲಚ್ಚು ಎಂಜಿನ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲವಾದ್ದರಿಂದ ಅದಕ್ಕೆ ಎಂಬಿ ಸರಿ. ನನ್ನ ಬೈಕಿಗೆ ಸುರಿದಿದ್ದು ಅದೇ ಎಂಬಿ. ಹಿಡಿತದಿಂದಲೇ ಕೆಲಸ ಮಾಡಬೇಕಾದ ಪ್ಲೇಟುಗಳ ನಡುವೆ ಜಾರಿಸುವ ಎಣ್ಣೆ! ಎಂಎಯಲ್ಲೇ ಹೆಚ್ಚು ಹಿಡಿತದ ದರ್ಜೆಯಾದ ಎಂಎ2 ಗುರುತಿನದನ್ನು ಹಾಕಿಸಿದ ಮೇಲೆ ಸಪಾಟು ರಸ್ತೆಯಲ್ಲಿ ಬೈಕು ಚೆನ್ನಾಗಿ ಎಳೆಯಿತು. ಘಾಟಿಯಲ್ಲಿ, ಹಿಂದೆ ಮನೆಯವರು ಕೂತಿದ್ದರೆ, ಆಗಲೂ ಜಾರುತ್ತಿತ್ತು.

ಕೊನೆಗೆ ಸೈಡ್ ಕವರ್ ಬಿಚ್ಚಿದೆವು. ಫ್ರಿಕ್ಷನ್ ಪ್ಲೇಟುಗಳ ನಡುನಡುವೆ ಕೂರುವ ಹಳೆಯ ಸ್ಟೀಲ್ ಪ್ಲೇಟುಗಳಲ್ಲಿ ಎರಡರ ಮೇಲೆ ನೀಲಿ ಕಲೆ ಎದ್ದಿತ್ತು, ಶಾಖಕ್ಕೆ ಬೆಂದ ಗುರುತು. ಅವನ್ನು ಗಾಜಿನ ಹಲಗೆಯ ಮೇಲಿಟ್ಟು ಒತ್ತಿದರೆ ಒಂದು ಅಂಚು ಟಕ್ ಟಕ್ ಎನ್ನುತ್ತಿತ್ತು, ಅಂದರೆ ಸೊಟ್ಟಗಾಗಿತ್ತು. ನಾಲ್ಕು ಸ್ಪ್ರಿಂಗುಗಳನ್ನು ವರ್ನಿಯರಿನಲ್ಲಿ ಅಳೆದಾಗ ಕೈಪಿಡಿ ಹೇಳಿದ ಕನಿಷ್ಠ ಉದ್ದಕ್ಕಿಂತ ಒಂದು ಮಿ.ಮೀ.ನಷ್ಟು ಗಿಡ್ಡ. ಹನ್ನೊಂದು ವರ್ಷ ದುಡಿದ ಸ್ಪ್ರಿಂಗುಗಳು ಹೊಸ ಪ್ಲೇಟನ್ನು ಅದುಮಿ ಹಿಡಿಯುವುದಾದರೂ ಹೇಗೆ? ನಾನು ತರಿಸಿದ ಪ್ಲೇಟುಗಳು ಮಾತ್ರ ಹಾಳಾಗಿರಲಿಲ್ಲ, ದಪ್ಪ ಹಾಗೆಯೇ ಇತ್ತು. ಅವನ್ನು ತೊಳೆದು, ರಾತ್ರಿಯಿಡೀ ಸರಿಯಾದ ಎಣ್ಣೆಯಲ್ಲಿ ನೆನೆಸಿ, ಹೊಸ ಸ್ಟೀಲ್ ಪ್ಲೇಟು, ಹೊಸ ಸ್ಪ್ರಿಂಗು ಮತ್ತು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಜೋಡಿಸಿದೆವು.

ಆಮೇಲೆ ಎರಡು ಮಳೆಗಾಲ ಕಳೆದಿವೆ, ಒಮ್ಮೆಯೂ ಜಾರಿಲ್ಲ. ಮಂಜಿನಲ್ಲಿ ಮುಂದೆ ಲಾರಿ ತೆವಳುತ್ತಿದ್ದು, ಅರ್ಧ ಕ್ಲಚ್ಚಿನಲ್ಲೇ ಹತ್ತಬೇಕಾದಾಗಲೂ ಅದುರುವುದಿಲ್ಲ. ಕೇಬಲ್ಲಿನ ಆಟವನ್ನು ಎರಡು ಸಲ ಹೊಂದಿಸಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ.

ಒಂದು ನಕ್ಷತ್ರ ಕಡಿಮೆ ಮಾಡಿದ್ದು ಪೊಟ್ಟಣಕ್ಕೆ. ಹಾಕುವ ಮೊದಲು ಎಣ್ಣೆಯಲ್ಲಿ ನೆನೆಸಿ, ಎಂಎ ಎಣ್ಣೆಯನ್ನೇ ಬಳಸಿ, ಸ್ಪ್ರಿಂಗು ಅಳೆಯಿರಿ ಎಂದು ಮೂರು ಸಾಲು ಕನ್ನಡದಲ್ಲೋ ಹಿಂದಿಯಲ್ಲೋ ಅಚ್ಚು ಹಾಕಿಸಲು ಎಷ್ಟು ಖರ್ಚಾಗುತ್ತದೆ? ಸ್ಪ್ರಿಂಗುಗಳನ್ನು ಸೆಟ್ಟಿನಲ್ಲೇ ಸೇರಿಸಿ ನೂರು ರೂಪಾಯಿ ಹೆಚ್ಚು ಕೇಳಿದ್ದರೂ ಕೊಡುತ್ತಿದ್ದೆ. ಭಾವನ ಬೈಕಿಗೂ ಇದೇ ಸೆಟ್ಟು ತರಿಸಿದ್ದೇನೆ, ಸ್ಪ್ರಿಂಗು ಬೇರೆಯಾಗಿ. ನಿನ್ನೆ ಸಂಜೆಯಿಂದ ಐದೂ ಪ್ಲೇಟುಗಳು ಹಿತ್ತಿಲಿನ ಹಳೆಯ ಬೋಗುಣಿಯಲ್ಲಿ ಎಣ್ಣೆ ಕುಡಿಯುತ್ತಿವೆ.